ಆರು ಜನ, ಆರು ಪುಸ್ತಕ: ಮುಂದೆ ಯಾರು ಎಂತ ಓದೂದು?

ಪ್ರಶ್ನೆ: ನಮ್ಮದು ಕುಮಟೆ ಹತ್ರ ಮನೆ. ಆರು ಜನ ಇದ್ದೇವೆ, ಆರೂ ಜನರಿಗೆ ಓದೂ ಹುಚ್ಚು. ಈ ವಾರ ಯಾರ ಕೈಯಲ್ಲಿ ಎಂತ ಇದೆ ಅಂದ್ರೆ, ಮಾವನವರದ್ದು ಜೈಮಿನಿ ಭಾರತ, ಮಳೆಗಾಲ ಹಿಡೀತು ಅಂದ್ರೆ ಅವರು ಅದನ್ನೇ ತೆಗೆಯೂದು. ಅತ್ತೆಯವರು ಫಣಿಯಮ್ಮ ಮತ್ತೊಂದ್ಸಲ ಓದ್ತಿದ್ದಾರೆ. ನಮ್ಮನೆಯವರು ಶಿಕಾರಿ ಹಿಡ್ಕೊಂಡು ಅರವತ್ತನೇ ಪುಟದ ಹತ್ರ ನಿಂತುಬಿಟ್ಟಿದ್ದಾರೆ. ನಾನು ಘಾಚರ್ ಘೋಚರ್ ಮುಗಿಸಿದೆ, ಬಾನು ಮುಷ್ತಾಕ್ ಅವರ ಹಾರ್ಟ್ ಲ್ಯಾಂಪ್ ತರಿಸೂ ಯೋಚನೆ ಇದೆ, ಇಂಗ್ಲಿಷಲ್ಲಿ ಓದೂದಾ ಕನ್ನಡದಲ್ಲೇ ಓದೂದಾ ಗೊತ್ತಾಗ್ತಾ ಇಲ್ಲ. ಪಿಯುಸಿ ಓದೂ ಮಗಳ ಕೈಯಲ್ಲಿ ಡ್ರ್ಯಾಗನ್ ಇರೂ ಇಂಗ್ಲಿಷ್ ಸೀರೀಸು, ಕನ್ನಡ ಪುಸ್ತಕ ಕೊಟ್ರೆ "ಸ್ಲೋ ಇದೆ" ಅಂತಾಳೆ. ಐದನೇ ಕ್ಲಾಸಿನ ಮಗನಿಗೆ ಪ್ರಾಣಿಗಳ ಪುಸ್ತಕ, ಚಿತ್ರಕತೆ. ಇಷ್ಟೆಲ್ಲ ಓದಿದ್ರೂ ಎಲ್ಲರೂ ಅವರವರ ಮೂಲೆಯಲ್ಲಿ, ಒಬ್ಬರ ಪುಸ್ತಕದ ಸುದ್ದಿ ಇನ್ನೊಬ್ಬರಿಗಿಲ್ಲ. ಎಲ್ಲರೂ ಸೇರಿ ಒಂದೇ ಪುಸ್ತಕ ಓದಿದ್ರೆ ಹೇಗೆ? ಓದೂದಾದ್ರೆ ಯಾವುದು? ಇನ್ನೊಂದು, ಮಾವನವರ ಜೈಮಿನಿ ಭಾರತದ ಹಳೇ ಪ್ರತಿಗೆ ಬೂಷ್ಟು ಹಿಡಿದಿದೆ, ಎಂತ ಮಾಡೂದು?

ಉತ್ತರ: ತಂಗಿ, ಎಲ್ಲರೂ ಒಂದೇ ಪುಸ್ತಕ ಓದೂ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡ್ತೇನೆ. ಬೇಡ. ಶಿರಸಿ ಕಡೆ ಲೈಬ್ರರಿ ಕೌಂಟರಿನಲ್ಲಿ ಕೂತು ಪುಸ್ತಕ ಕೊಟ್ಟು ತಕ್ಕೊಂಡು ಮಾಡೂದರಲ್ಲೇ ನನ್ನ ನೌಕರಿ ಮುಗೀತು, ಹೀಗೆ ಮನೆಮಂದಿಯೆಲ್ಲ ಒಂದೇ ಪುಸ್ತಕ ಅಂತ ಹೊರಟವರನ್ನ ಸುಮಾರು ನೋಡಿದ್ದೇನೆ. ಪುಸ್ತಕ ಒಂದು, ಕೈ ಆರು, ಮೊದಲು ಮುಗಿಸಿದವರು ಕತೆ ಹೇಳಿಬಿಡ್ತಾರೆ, ಹಿಂದೆ ಉಳಿದವರಿಗೆ ಅದು ಶಾಲೆಯ ಹೋಂವರ್ಕ್ ಆಗ್ತದೆ, ಎರಡನೇ ವಾರಕ್ಕೆ ಪುಸ್ತಕ ಟಿವಿ ಮೇಲೆ ಕೂತಿರ್ತದೆ. ನಿಮ್ಮನೆಯಲ್ಲಿ ಒಬ್ಬೊಬ್ಬರ ರುಚಿ ಒಂದೊಂದು ಇದೆ, ಅದು ಒಳ್ಳೇದೇ, ಅದನ್ನ ಕೆಡಿಸ್ಬೇಡಿ.

ನೀವು ಬರೆದ ಲಿಸ್ಟನ್ನ ನಾನು ಎರಡು ಮೂರು ಸಲ ಓದಿದೆ. ನೀವು ಆರೂ ಜನ ಬೇರೆ ಬೇರೆ ಪುಸ್ತಕ ಓದ್ತಿದ್ದೀರಿ ಅಂದುಕೊಂಡಿದ್ದೀರಿ, ನನಗೆ ಹಾಗೆ ಕಾಣ್ತಾ ಇಲ್ಲ. ಆ ಲಿಸ್ಟಿನಲ್ಲಿ ಮೂರು ಪುಸ್ತಕ ಒಂದೇ ವಿಷಯದ್ದು. ಹಾಗಾಗಿ ನನ್ನ ಸಲಹೆ ಇಷ್ಟೇ, ಮುಂದಿನ ಪುಸ್ತಕ ಯಾವುದು ಅಂತ ಅಂಗಡಿಯಲ್ಲಿ ಹುಡುಕೂದಕ್ಕಿಂತ ಮೊದಲು ಮನೆಯೊಳಗೇ ಇನ್ನೊಬ್ಬರ ಕೈಯಲ್ಲಿ ಹುಡುಕಿ. ಮತ್ತೆ ದಿನಕ್ಕೆ ಅರ್ಧ ತಾಸು ಒಬ್ಬರು ದೊಡ್ಡಕೆ ಓದಿ, ಉಳಿದವರು ಕೇಳಿ. ಅದಕ್ಕೆ ಪುಸ್ತಕ ಯಾವುದು ಅಂತ ಆಮೇಲೆ ಹೇಳ್ತೇನೆ.

ಮೊದಲು ನೀವು ಮತ್ತೆ ನಿಮ್ಮ ಅತ್ತೆ. ಎಂ.ಕೆ. ಇಂದಿರಾ ಅವರ ಫಣಿಯಮ್ಮ 1976ರದ್ದು. ಮಲೆನಾಡಿನ ಮನೆ, ಬಾಲ್ಯದಲ್ಲೇ ಗಂಡ ತೀರಿಕೊಂಡ ಹುಡುಗಿ, ತಲೆಬೋಳಿಸಿ ಮಡಿ ಉಡಿಸಿ ಕೂರಿಸಿದ್ರು, ಮುಂದೆ ಅವಳು ಇಡೀ ಜೀವಮಾನ ಆ ಮನೆಗೆ ದುಡಿದಳು. ಕತೆ ಇಷ್ಟೇ ಅಂತ ಹೇಳಿಬಿಡಬಹುದು, ಆದ್ರೆ ಆ ಪುಸ್ತಕದ ಜೀವ ಇರೂದು ಫಣಿಯಮ್ಮ ಎಲ್ಲೂ ಕಹಿ ಆಗೂದಿಲ್ಲ ಅನ್ನೂದರಲ್ಲಿ. ಯಾರನ್ನೂ ಬೈಯೂದಿಲ್ಲ, ಆದ್ರೆ ಹೆರಿಗೆಗೆ ಕಷ್ಟಪಡ್ತಿರೋ ಹೆಣ್ಣಿನ ಹತ್ರ ಜಾತಿ ಮೈಲಿಗೆ ಎಲ್ಲ ಬಿಟ್ಟು ಹೋಗ್ತಾಳೆ, ಮುಂದೆ ದಾಕ್ಷಾಯಿಣಿ ಅನ್ನೂ ಸಣ್ಣ ಹುಡುಗಿ ವಿಧವೆಯಾಗಿ ತಲೆಕೂದಲು ಕೊಡೂದಿಲ್ಲ ಅಂತ ಹಟ ಹಿಡಿದಾಗ ಆ ಮುದುಕಿ ಅವಳ ಕಡೆ ನಿಲ್ತಾಳೆ. ತನಗೆ ಸಿಗದೇ ಇದ್ದದ್ದನ್ನ ಇನ್ನೊಬ್ಬಳಿಗೆ ಸಿಗಲಿ ಅಂತ ನಿಲ್ಲೂದು ಎಷ್ಟು ಜನಕ್ಕೆ ಬರ್ತದೆ ಹೇಳಿ. ನಿಮ್ಮ ಅತ್ತೆ ಅದನ್ನ ಮತ್ತೆ ಮತ್ತೆ ಓದ್ತಾರೆ ಅಂದ್ರೆ ಎಂತಕ್ಕೆ ಅಂತ ಒಂದ್ಸಲ ಕೇಳಿ ನೋಡಿ, ಉತ್ತರ ಪುಸ್ತಕದ ಬಗ್ಗೆ ಮಾತ್ರ ಇರೂದಿಲ್ಲ.

ಈಗ ನೀವು ಓದಿದ ಘಾಚರ್ ಘೋಚರ್. ಬರೆದವರು ಅಂಕೋಲೆಯ ಕಡೆಯವರೇ, ವಿವೇಕ ಶಾನಭಾಗ, ಕನ್ನಡದಲ್ಲಿ 2013ರಲ್ಲಿ ಬಂತು. ಕಾಲ ಬೇರೆ, ಊರು ಬೆಂಗಳೂರು, ಮಡಿ ಇಲ್ಲ ಎಂತ ಇಲ್ಲ, ಮಸಾಲೆ ಕಂಪನಿಯ ದುಡ್ಡು. ಆದ್ರೆ ಕಂಪನಿ ನಡೆಸೂ ಆ ಚಿಕ್ಕಪ್ಪನನ್ನ ಹುಡುಕ್ಕೊಂಡು ಒಬ್ಬ ಹೆಂಗಸು ಸಾರು ಮಾಡಿ ತಂದು ಬಾಗಿಲಲ್ಲಿ ನಿಲ್ತಾಳಲ್ಲ, ಅವಳನ್ನ ಮನೆಯ ಹೆಂಗಸರೇ ಬೈದು ಓಡಿಸ್ತಾರಲ್ಲ, ಆ ಜಾಗ ನೆನಪು ಮಾಡ್ಕೊಳ್ಳಿ. ದುಡಿಯೂ ಗಂಡಸಿನ ಸುತ್ತ ಮನೆ ಕೋಟೆ ಕಟ್ಟಿಕೊಂಡಿದೆ, ಅದು ಉಳೀಬೇಕು ಅಂದ್ರೆ ಒಬ್ಬ ಹೆಣ್ಣು ಹೊರಗೆ ನಿಲ್ಲಬೇಕು. ಫಣಿಯಮ್ಮನ ಮನೆ ಶಾಸ್ತ್ರದ ಹೆಸರಲ್ಲಿ ಮಾಡಿದ್ದನ್ನೇ ಈ ಮನೆ ದುಡ್ಡಿನ ಹೆಸರಲ್ಲಿ ಮಾಡ್ತದೆ. ಸೊಸೆ ಅನಿತಾ ನ್ಯಾಯದ ಮಾತು ಆಡಿದ್ರೆ ಮನೆಯವರಿಗೆಲ್ಲ ಅದು ಜಗಳಗಂಟಿಯ ಮಾತು. ಅತ್ತೆಯೂ ನೀವೂ ಒಂದೇ ಪ್ರಶ್ನೆಯ ಮುಂದೆ ಕೂತಿದ್ದೀರಿ, ಒಬ್ಬರು ಜಗುಲಿಯಲ್ಲಿ, ಒಬ್ಬರು ಕೋಣೆಯಲ್ಲಿ, ಅಷ್ಟೇ. ಇವತ್ತೇ ಪುಸ್ತಕ ಅದಲುಬದಲು ಮಾಡಿ. ಘಾಚರ್ ಘೋಚರ್ ಸಣ್ಣದು, ಅತ್ತೆಯವರು ಎರಡು ಮಧ್ಯಾಹ್ನದಲ್ಲಿ ಮುಗಿಸ್ತಾರೆ. ಕೊನೆ ಹೇಗಾಯ್ತು ಅನ್ನೂದನ್ನ ನೀವು ಮೊದಲೇ ಹೇಳಬೇಡಿ, ಆ ಕೊನೆಯ ಬಗ್ಗೆ ಓದಿದವರೆಲ್ಲ ಜಗಳ ಆಡ್ತಾರೆ, ಅತ್ತೆ ಸೊಸೆ ಹಾಗೊಂದು ಜಗಳ ಆಡೂದಾದ್ರೆ ಅದರಷ್ಟು ಚೆಂದದ್ದು ಬೇರೆ ಎಂತ ಇದೆ.

ಹಾರ್ಟ್ ಲ್ಯಾಂಪ್ ಮೂರನೆಯದ್ದು. 2025ರಲ್ಲಿ ಇಂಟರ್‌ನ್ಯಾಷನಲ್ ಬುಕರ್ ಬಂತು, ಕನ್ನಡದಿಂದ ಹೋದ ಪುಸ್ತಕಕ್ಕೆ ಮೊದಲನೇ ಸಲ, ಸಣ್ಣಕತೆಗಳ ಪುಸ್ತಕಕ್ಕೂ ಮೊದಲನೇ ಸಲ. ದೀಪಾ ಭಾಸ್ತಿ ಅವರು ಹನ್ನೆರಡು ಕತೆ ಆರಿಸಿ ಇಂಗ್ಲಿಷಿಗೆ ತಂದದ್ದು, ಬಾನು ಅವರು 1990ರಿಂದ 2023ರ ತನಕ ಬರೆದ ಕತೆಗಳು. ನೀವು ಕನ್ನಡದವರು, ಕನ್ನಡದಲ್ಲೇ ಓದಿ ಅಂತ ಒಂದೇ ಮಾತಲ್ಲಿ ಹೇಳಬಹುದಿತ್ತು. ಆದ್ರೆ ನಿಮ್ಮನೆಯಲ್ಲಿ ಇಂಗ್ಲಿಷ್ ಓದೂ ಮಗಳಿದ್ದಾಳೆ, ಹಾಗಾಗಿ ಎರಡೂ ತನ್ನಿ. ಕನ್ನಡದಲ್ಲಿ ಹಸೀನಾ ಮತ್ತು ಇತರ ಕತೆಗಳು ಅಂತ ದಪ್ಪ ಸಂಪುಟ ಇದೆ, ಲೈಬ್ರರಿಯಲ್ಲಿ ಕೇಳಿ. ಎದೆಯ ಹಣತೆ ಅನ್ನೂ ಕತೆ ನೀವು ಕನ್ನಡದಲ್ಲಿ ಓದಿ, ಅವಳು ಇಂಗ್ಲಿಷಲ್ಲಿ ಓದಲಿ, ಅದೇ ದಿನ. ಮೆಹರುನ್ ಎಳೇ ಮಗು ಎತ್ತಿಕೊಂಡು ತವರಿಗೆ ಬರ್ತಾಳೆ, ಗಂಡ ಬೇರೆಯವಳ ಹಿಂದೆ ಹೋಗಿದ್ದಾನೆ, ಅಣ್ಣಂದಿರು ಸಮಾಧಾನದ ಮಾತೇ ಆಡಿ ಆಡಿ ಅವಳನ್ನ ವಾಪಸ್ ಬಿಟ್ಟುಬರ್ತಾರೆ. ಮಾನ ಮರ್ಯಾದೆ ಅಂತ ಅವರು ಆಡೂ ಮಾತು ನಮ್ಮ ಯಾವ ಜಾತಿಯ ಮನೆಯಲ್ಲೂ ಕೇಳದೇ ಇದ್ದದ್ದಲ್ಲ. ಕತೆ ಮನಸ್ಸಿಗೆ ಭಾರ ಆಗ್ತದೆ, ಮಗಳು ಒಬ್ಬಳೇ ರಾತ್ರಿ ಓದಿ ಮಲಗೂದಕ್ಕಿಂತ ಹಗಲು ಹೊತ್ತಲ್ಲಿ ನೀವಿಬ್ಬರೂ ಓದಿ ಮಾತಾಡಿ. ಅನುವಾದದಲ್ಲಿ ಕನ್ನಡ ಉರ್ದು ಮಾತುಗಳನ್ನ ಓರೆ ಅಕ್ಷರ ಮಾಡದೆ, ಅಡಿಟಿಪ್ಪಣಿ ಹಾಕದೆ ಹಾಗೇ ಬಿಟ್ಟಿದ್ದಾರೆ, ಇಂಗ್ಲಿಷ್ ಮಾತ್ರ ಓದೂ ಹುಡುಗಿ ಆ ಜಾಗಕ್ಕೆ ಬಂದಾಗ ನಿಮ್ಮನ್ನೇ ಕೇಳಬೇಕಾಗ್ತದೆ.

ಅತ್ತೆಯವರಿಗೆ ಇದರ ನಂತರ ಎಂತ ಅಂದ್ರೆ, ನಾನು ಗಿರೀಶ ಕಾರ್ನಾಡರ ಆತ್ಮಕತೆ ಆಡಾಡತ ಆಯುಷ್ಯ ಕೊಡ್ತೇನೆ. ಧಾರವಾಡದ ಮನೋಹರ ಗ್ರಂಥ ಮಾಲೆಯದ್ದು, 2011ರಲ್ಲಿ ಬಂತು. ಕಾರ್ನಾಡರು ಸಣ್ಣವರಿದ್ದಾಗ ಶಿರಸಿಯಲ್ಲಿದ್ದವರು, ಅಪ್ಪ ಡಾಕ್ಟರು. ಊರಿಗೆ ಬರೂ ನಾಟಕ ಕಂಪನಿ, ಯಕ್ಷಗಾನ ಇವೆಲ್ಲ ಅವರು ನೋಡಿದ್ದು ಇಲ್ಲೇ. ಆದ್ರೆ ನಾನು ಅದನ್ನ ಫಣಿಯಮ್ಮ ಓದಿದವರಿಗೆ ಕೊಡೂದು ಬೇರೆ ಕಾರಣಕ್ಕೆ. ಅವರ ತಾಯಿ ಎಳೇ ವಯಸ್ಸಲ್ಲಿ ವಿಧವೆ ಆದವರು, ಕೈಯಲ್ಲೊಬ್ಬ ಮಗ. ನರ್ಸ್ ಕೆಲಸ ಮಾಡಿದ್ರು, ಮುಂದೆ ಡಾಕ್ಟರನ್ನ ಮದುವೆಯೂ ಆದ್ರು, ಅದೂ ಆ ಕಾಲದಲ್ಲಿ. ಫಣಿಯಮ್ಮನಿಗೆ ತೆರೆಯದೇ ಇದ್ದ ಬಾಗಿಲು ಕೃಷ್ಣಾಬಾಯಿಯವರಿಗೆ ಹೇಗೆ ತೆರೀತು, ಎಷ್ಟು ಕಷ್ಟಪಟ್ಟು ತೆರೀತು, ಅದು ಮಗ ಬರೆದ ಮೊದಲ ಅಧ್ಯಾಯಗಳಲ್ಲೇ ಇದೆ. ಉಳಿದದ್ದು, ಸಿನಿಮಾ ನಾಟಕ ದಿಲ್ಲಿ ಅದೆಲ್ಲ, ಬೇಕಾದ್ರೆ ಓದ್ಲಿ ಇಲ್ದಿದ್ರೆ ಬಿಡ್ಲಿ.

ನಿಮ್ಮನೆಯವರ ಶಿಕಾರಿ. ನಿಂತಿದ್ದಾರೆ ಅಂತ ಅವರನ್ನ ದೂರಬೇಡಿ, ಆ ಕಾದಂಬರಿಯಲ್ಲಿ ಬಹಳ ಜನ ಅಲ್ಲೇ ನಿಲ್ಲೂದು. ಯಶವಂತ ಚಿತ್ತಾಲರದ್ದು, 1979. ನಾಗಪ್ಪ ಮುಂಬೈಯ ದೊಡ್ಡ ಕಂಪನಿಯಲ್ಲಿ ದೊಡ್ಡ ಹುದ್ದೆಯವ, ಒಂದಿನ ಏಕಾಏಕಿ ಸಸ್ಪೆಂಡ್ ಆಗ್ತಾನೆ, ಎಂತಕ್ಕೆ ಅಂತ ಅವನಿಗೂ ಗೊತ್ತಿಲ್ಲ, ಓದೂ ನಮಗೂ ಗೊತ್ತಿಲ್ಲ. ಯಾರು ನಂಬಿಕಸ್ತ, ಯಾರು ಬೆನ್ನಿಗೆ ಚೂರಿ ಹಾಕೂವವ ಅಂತ ತಿಳಿಯದೆ ಅವನ ತಲೆಯೊಳಗೇ ನಮ್ಮನ್ನ ಕೂರಿಸಿಬಿಡ್ತಾರೆ ಚಿತ್ತಾಲರು. ರಾತ್ರಿ ಮಲಗೂ ಮೊದಲು ನಾಲ್ಕು ಪುಟ, ನಾಲ್ಕು ಪುಟ ಅಂತ ಓದಿದ್ರೆ ಆ ಭಯ ಹಿಡಿಯೂದೇ ಇಲ್ಲ, ಬರೀ ಹೆಸರುಗಳ ಗೊಂದಲ ಉಳೀತದೆ. ಭಾನುವಾರ ಮಧ್ಯಾಹ್ನ ಊಟ ಆದಮೇಲೆ ಮೂರು ತಾಸು ಫೋನ್ ಬದಿಗಿಟ್ಟು ಒಂದೇ ಉಸಿರಲ್ಲಿ ನೂರು ಪುಟ ದಾಟಬೇಕು, ಹೆಸರು ನೆನಪಿಡೂ ಗೋಜಿಗೆ ಹೋಗೂದೇ ಬೇಡ, ತಾನಾಗಿ ನಿಲ್ತದೆ.

ಆದ್ರೆ ಅದಕ್ಕಿಂತ ಮೊದಲು ಒಂದು ವಾರ ಶಿಕಾರಿ ಮುಚ್ಚಿಡ್ಲಿ, ಅಡ್ಡಿಲ್ಲ. ಯಶವಂತ ಚಿತ್ತಾಲರು ನಿಮ್ಮ ತಾಲೂಕಿನ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದವರು, ಕೆಲಸ ಮಾಡಿದ್ದು ಮುಂಬೈಯಲ್ಲಿ ಪ್ಲಾಸ್ಟಿಕ್ ಮತ್ತೆ ಕೆಮಿಕಲ್ ಕ್ಷೇತ್ರದಲ್ಲಿ. ಹಾಗಾಗಿ ಅವರ ಬರವಣಿಗೆಯಲ್ಲಿ ಈ ಎರಡೂ ಊರು ಇದೆ, ಮುಂಬೈಯ ನಾಗಪ್ಪನ ಎದೆಯಲ್ಲಿ ಹನೇಹಳ್ಳಿ ಇಲ್ಲದಿದ್ರೆ ಶಿಕಾರಿಗೆ ಅಷ್ಟು ನೋವು ಬರ್ತಿರಲಿಲ್ಲ ಅಂತ ನನಗೆ ಯಾವಾಗ್ಲೂ ಅನ್ನಿಸ್ತದೆ. ಹಾಗಾಗಿ ಮೊದಲು ಮೂರು ದಾರಿಗಳು ಓದ್ಲಿ, 1964ರ ಸಣ್ಣ ಕಾದಂಬರಿ, ಊರಬಾಯಿಗೆ ಸಿಕ್ಕಿದ ಒಬ್ಬ ಹುಡುಗಿ ಮತ್ತೆ ಅವಳ ಮನೆಯವರ ಕತೆ. ಇಲ್ಲಾಂದ್ರೆ ಕಥೆಯಾದಳು ಹುಡುಗಿ ಸಂಕಲನ, 1983ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಬಂದದ್ದು. ಚಿತ್ತಾಲರ ಮಾತಿನ ನಡೆ ಒಮ್ಮೆ ಕಿವಿಗೆ ಕೂತರೆ ಶಿಕಾರಿಯ ಬಾಗಿಲು ಅಷ್ಟು ಗಟ್ಟಿ ಇರೂದಿಲ್ಲ. ಮತ್ತೆ ಶಿಕಾರಿ ಮುಗಿದಮೇಲೆ ಅವರಿಗೂ ಘಾಚರ್ ಘೋಚರ್ ಕೊಡಿ. ಎರಡರಲ್ಲೂ ಕಂಪನಿ ಇದೆ, ಎರಡರಲ್ಲೂ ದುಡ್ಡಿನ ಹತ್ರ ನಿಂತ ಗಂಡಸಿದ್ದಾನೆ, ಒಬ್ಬ ಕಂಪನಿಯ ಒಳಗೆ ನಿಂತು ನಲುಗ್ತಾನೆ, ಇನ್ನೊಬ್ಬ ಕೆಲಸವೇ ಮಾಡದೆ ಸಂಬಳ ತಕ್ಕೊಂಡು ಕಾಫಿ ಹೌಸಿನಲ್ಲಿ ಕೂರ್ತಾನೆ. ಇಬ್ಬರಲ್ಲಿ ಯಾರ ಸ್ಥಿತಿ ಹೆಚ್ಚು ಕೆಟ್ಟದ್ದು ಅಂತ ಊಟದ ಹೊತ್ತಿಗೆ ಕೇಳಿ, ಮಾತು ಅರ್ಧ ತಾಸಿಗೆ ನಿಲ್ಲೂದಿಲ್ಲ.

ಮಗಳ ವಿಷಯ. ಅವಳು ಓದ್ತಿದ್ದಾಳಲ್ಲ, ದಪ್ಪ ದಪ್ಪ ಪುಸ್ತಕ ಓದ್ತಿದ್ದಾಳೆ, ಅದಕ್ಕೆ ಮೊದಲು ಖುಷಿ ಪಡಿ. ಇಂಗ್ಲಿಷ್ ಬಿಡು ಕನ್ನಡ ಹಿಡಿ ಅಂತ ಹೇಳಿದ ಮನೆಗಳಲ್ಲಿ ಮಕ್ಕಳು ಎರಡನ್ನೂ ಬಿಟ್ಟದ್ದು ನಾನು ನೋಡಿದ್ದೇನೆ. ಕನ್ನಡ ಸ್ಲೋ ಅಂತ ಅವಳು ಹೇಳೂದು ಸುಳ್ಳಲ್ಲ. ದಿನಾ ಇಂಗ್ಲಿಷ್ ಓದೂ ಕಣ್ಣಿಗೆ ಕನ್ನಡದ ಒತ್ತಕ್ಷರ ಓದೂದು ನಿಧಾನ ಆಗ್ತದೆ, ಕತೆ ಸ್ಲೋ ಅಲ್ಲ, ಕಣ್ಣು ಸ್ಲೋ. ಅದು ಅಭ್ಯಾಸದಿಂದ ಮಾತ್ರ ಸರಿ ಆಗೂದು, ಅಭ್ಯಾಸ ಆಗಬೇಕು ಅಂದ್ರೆ ಕೈಗೆ ಬಂದ ಪುಸ್ತಕ ಓಡಬೇಕು. ತೇಜಸ್ವಿಯವರ ಜುಗಾರಿ ಕ್ರಾಸ್ ಕೊಡಿ. ಏಲಕ್ಕಿ ಬೆಳೆಯೂ ಗಂಡ ಹೆಂಡತಿ, ಘಟ್ಟದ ಕಾಡು, ಸ್ಮಗ್ಲಿಂಗು, ಎಲ್ಲ ಒಂದು ದಿನದೊಳಗೆ ನಡೆದುಹೋಗ್ತದೆ. ದೇವಿಮನೆ ಘಟ್ಟದಲ್ಲಿ ಬಸ್ಸಲ್ಲಿ ಹೋಗಿ ಬಂದ ಹುಡುಗಿಗೆ ಆ ಕಾಡು ಹೊಸದಲ್ಲ.

ಇನ್ನೊಂದು ದಾರಿ ಇಂಗ್ಲಿಷಿನ ಮೂಲಕವೇ ಬರೂದು. ಗೋಕರ್ಣದ ಜಯಂತ ಕಾಯ್ಕಿಣಿಯವರ ಮುಂಬೈ ಕತೆಗಳನ್ನ ತೇಜಸ್ವಿನಿ ನಿರಂಜನ ಅವರು ನೋ ಪ್ರೆಸೆಂಟ್ಸ್ ಪ್ಲೀಸ್ ಅಂತ ಇಂಗ್ಲಿಷಿಗೆ ತಂದಿದ್ದಾರೆ, ದಕ್ಷಿಣ ಏಷ್ಯಾ ಸಾಹಿತ್ಯಕ್ಕೆ ಕೊಡೂ 2018ರ ಡಿಎಸ್‌ಸಿ ಪ್ರಶಸ್ತಿ ಬಂತು ಅದಕ್ಕೆ. ಅವಳು ಇಂಗ್ಲಿಷಲ್ಲಿ ಒಂದು ಕತೆ ಓದ್ಲಿ, ಇಷ್ಟ ಆದ್ರೆ ಅದೇ ಕತೆ ಕನ್ನಡದಲ್ಲಿ ನೀವು ಓದಿ ಕೇಳಿಸಿ. ತೂಫಾನ್ ಮೇಲ್, ದಗಡೂ ಪರಬನ ಅಶ್ವಮೇಧ, ಈ ಸಂಕಲನಗಳು ಲೈಬ್ರರಿಯಲ್ಲಿ ಸಿಗ್ತವೆ. ಗೊತ್ತಿರೂ ಕತೆಯನ್ನ ಕನ್ನಡದಲ್ಲಿ ಕೇಳುವಾಗ ಕತೆ ಎಂತ ಅಂತ ಒದ್ದಾಡೂದು ಇರೂದಿಲ್ಲ, ಮಾತಿನ ರುಚಿಯ ಕಡೆ ಮಾತ್ರ ಗಮನ ಹೋಗ್ತದೆ. ಮತ್ತೆ ನೀವು ಕಾರವಾರಕ್ಕೆ ಹೋಗೂದಿದ್ರೆ ರವೀಂದ್ರನಾಥ ಠಾಗೋರರ ನೆನಪುಗಳ ಪುಸ್ತಕದಿಂದ ಕಾರವಾರದ ಅಧ್ಯಾಯ ಅವಳಿಗೆ ಕೊಡಿ, ಹಳೇ ಇಂಗ್ಲಿಷ್ ಅನುವಾದ ನೆಟ್ಟಲ್ಲಿ ಪುಕ್ಕಟೆ ಸಿಗ್ತದೆ. ಅವರ ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಡ್ಜ್ ಆಗಿದ್ರು, 1883ರಲ್ಲಿ ಠಾಗೋರರು ಅಲ್ಲಿಗೆ ಬಂದಾಗ ಅವಳಿಗಿಂತ ನಾಲ್ಕೈದು ವರ್ಷ ದೊಡ್ಡವರು ಅಷ್ಟೇ, ಬೆಳದಿಂಗಳಲ್ಲಿ ಕಾಳಿ ನದಿಯಲ್ಲಿ ದೋಣಿ ಮೇಲೆ ಹೋಗಿ ಬಂದದ್ದು ಬರೆದಿದ್ದಾರೆ. ನಾಲ್ಕು ಪುಟ, ಓದಿ ಸಮುದ್ರದ ದಂಡೆಗೆ ಹೋದ್ರೆ ಸಾಕು.

ಈಗ ಮಾವನವರು ಮತ್ತೆ ಮೊಮ್ಮಗ. ಈ ಜೋಡಿಯನ್ನ ನೀವು ಯಾಕೆ ಇಷ್ಟು ದಿನ ಬಿಟ್ಟಿದ್ದೀರಿ ಅಂತ ನನಗೆ ಆಶ್ಚರ್ಯ. ಚಿತ್ರಕತೆ ಓದೂ ಹುಡುಗನಿಗೆ ಜೈಮಿನಿ ಭಾರತಕ್ಕಿಂತ ದೊಡ್ಡ ಗಣಿ ಕನ್ನಡದಲ್ಲಿಲ್ಲ. ಧರ್ಮರಾಯ ಅಶ್ವಮೇಧ ಮಾಡ್ತಾನೆ, ಕುದುರೆ ಊರೂರು ತಿರುಗ್ತದೆ, ಅರ್ಜುನ ಅದರ ಹಿಂದೆ ಹೋಗ್ತಾನೆ, ಕುದುರೆ ನಿಂತಲ್ಲೆಲ್ಲ ಒಂದೊಂದು ಕತೆ. ಯುದ್ಧಕ್ಕೆ ತಡವಾಗಿ ಬಂದ ಅಂತ ಸುಧನ್ವನನ್ನ ಅವನ ಅಪ್ಪನೇ ಕುದಿಯೂ ಎಣ್ಣೆಗೆ ಹಾಕಿಸ್ತಾನೆ. ಬಭ್ರುವಾಹನ ಅಪ್ಪ ಅರ್ಜುನನ ತಲೆಯನ್ನೇ ಹಾರಿಸ್ತಾನೆ, ಆಮೇಲೆ ಪಾತಾಳದಿಂದ ಮಣಿ ತಂದು ಬದುಕಿಸೂದು. ಪ್ರಮೀಳೆಯ ರಾಜ್ಯದಲ್ಲಿ ಬರೀ ಹೆಂಗಸರು, ಆ ಭಾಗಕ್ಕೆ ನಿಮ್ಮ ಮಗಳನ್ನೂ ಕರೀರಿ. ಚಂದ್ರಹಾಸನ ಕತೆಯಲ್ಲಿ ಅವನನ್ನ ಕೊಲ್ಲಿಸಬೇಕು ಅಂತ ದುಷ್ಟಬುದ್ಧಿ ಬರೆದು ಕಳಿಸಿದ ಕಾಗದದಲ್ಲಿ ಒಂದೇ ಒಂದು ಅಕ್ಷರ ತಿದ್ದಿದ್ದಕ್ಕೆ ಸಾವಿನ ಬದಲು ಮದುವೆ ಆಗಿಬಿಡ್ತದೆ, ಅದನ್ನ ಮೊದಲ ದಿನವೇ ಹೇಳಲಿ, ಹುಡುಗ ಮರುದಿನ ತಾನೇ ಹುಡುಕ್ಕೊಂಡು ಬರ್ತಾನೆ. ಇದೆಲ್ಲ ನಮ್ಮ ಕಡೆ ಯಕ್ಷಗಾನದಲ್ಲಿ ಪ್ರಸಂಗಗಳಾಗಿ ಕುಣಿದದ್ದೇ, ಸುಧನ್ವಾರ್ಜುನ, ಬಭ್ರುವಾಹನ, ಚಂದ್ರಹಾಸ, ತಾಮ್ರಧ್ವಜ, ಮಾವನವರು ಎಷ್ಟು ಆಟ ನೋಡಿದ್ದಾರೋ, ಯಾವ ವೇಷಧಾರಿ ಎಲ್ಲಿ ಹೇಗೆ ನಿಂತ ಅಂತೆಲ್ಲ ಅವರ ಬಾಯಲ್ಲೇ ಬರ್ತದೆ.

ಹುಡುಗನಿಗೆ ಹಳಗನ್ನಡದ ವಾಸನೆ ಇರೂ ಆ ಪದ್ಯ ಅರ್ಥ ಆಗ್ತದಾ ಅಂತ ಕೇಳಬೇಡಿ. ಲಕ್ಷ್ಮೀಶ ಬರೆದದ್ದು ವಾರ್ಧಕ ಷಟ್ಪದಿ, ಐದೈದು ಮಾತ್ರೆಯ ನಡೆ, ಒಂದು ಪದ್ಯಕ್ಕೆ ಆರು ಸಾಲು, ಮೂರನೆಯದು ಆರನೆಯದು ಉದ್ದ. ಮಾವನವರು ಓದುವಾಗ ಹುಡುಗ ಕೈಯಲ್ಲಿ ಐದೈದು ಎಣಿಸಿ ತಾಳ ಹಾಕಲಿ, ಎಲ್ಲಿ ತಪ್ಪಿತು ಅಂತ ಹಿಡೀಲಿ. ಪದ್ಯ ಒಂದು, ಆಮೇಲೆ ಅದರ ಕತೆ ಅಜ್ಜನ ಬಾಯಲ್ಲಿ ಸಾದಾ ಮಾತಲ್ಲಿ, ಇದೇ ನಮ್ಮ ಹಿರಿಯರ ಗಮಕ ವಾಚನದ ಪದ್ಧತಿ, ವಾಚನ ಒಬ್ಬರು ವ್ಯಾಖ್ಯಾನ ಒಬ್ಬರು. ಮಾವನವರಿಗೆ ಕಣ್ಣು ಮಂಜಾದ್ರೂ ಅಡ್ಡಿಲ್ಲ, ಅವರಿಗೆ ಅರ್ಧಕ್ಕರ್ಧ ಬಾಯಿಪಾಠ ಇರ್ತದೆ, ಪುಸ್ತಕ ಹುಡುಗನ ಕೈಯಲ್ಲಿರಲಿ. ಮೂವತ್ತನಾಲ್ಕು ಸಂಧಿ ಇದೆ, ಎಲ್ಲ ಮುಗಿಸಲೇಬೇಕು ಅಂತಿಲ್ಲ.

ಈಗ ಎಲ್ಲರೂ ಕೂತು ಕೇಳೂ ಪುಸ್ತಕ. ನನ್ನ ಉತ್ತರ ಕರ್ವಾಲೊ, ಪೂರ್ಣಚಂದ್ರ ತೇಜಸ್ವಿಯವರದ್ದು, 1980. ಯೋಚನೆ ಮಾಡಿಯೇ ಹೇಳ್ತಿದ್ದೇನೆ. ನಿಮ್ಮನೆಯಲ್ಲಿ ಮಾವನವರಿಂದ ಹಿಡಿದು ಐದನೇ ಕ್ಲಾಸಿನವನ ತನಕ ಇದ್ದಾರೆ, ಅಷ್ಟೂ ಜನರನ್ನ ಒಟ್ಟಿಗೆ ಹಿಡಿದು ಕೂರಿಸೂ ಕನ್ನಡ ಪುಸ್ತಕಗಳು ಕೈಬೆರಳಲ್ಲಿ ಎಣಿಸೂವಷ್ಟೇ. ಕಾರಂತರ ಬೆಟ್ಟದ ಜೀವ ಕೂಡ ಆಗ್ತಿತ್ತು, ನನಗೆ ಅದರ ಮೇಲೆ ಪ್ರೀತಿ ಹೆಚ್ಚೇ, ಆದ್ರೆ ಅದರ ದುಃಖ ದೊಡ್ಡವರದ್ದು, ಮಗ ಬಿಟ್ಟುಹೋದ ಮನೆಯದ್ದು, ಹುಡುಗ ಎದ್ದು ಹೋಗ್ತಾನೆ. ಕರ್ವಾಲೊದಲ್ಲಿ ಜೇನು ಹಿಡಿಯೂ ಮಂದಣ್ಣ ಇದ್ದಾನೆ, ಪ್ಯಾರ ಇದ್ದಾನೆ, ಕಿವಿ ಅನ್ನೂ ನಾಯಿ ಇದೆ, ಊರಲ್ಲಿ ಯಾರೂ ಲೆಕ್ಕಕ್ಕೆ ತಕ್ಕೊಳ್ಳದ ಮಂದಣ್ಣನನ್ನ ಅಷ್ಟು ದೊಡ್ಡ ವಿಜ್ಞಾನಿ ಹುಡುಕ್ಕೊಂಡು ಬರ್ತಾರೆ, ಎಲ್ಲ ಸೇರಿ ಹಾರೂ ಓತಿ ಹುಡುಕ್ಕೊಂಡು ಕಾಡಿಗೆ ಹೊಗ್ತಾರೆ. ಸಣ್ಣವರಿಗೆ ಸಾಹಸ, ದೊಡ್ಡವರಿಗೆ ನಗು, ನಗ್ತಾ ನಗ್ತಾ ಜೀವವಿಕಾಸದ ಎಷ್ಟು ದೊಡ್ಡ ಪ್ರಶ್ನೆಯ ಹತ್ರ ಬಂದು ನಿಂತಿದ್ದೇವೆ ಅಂತ ಕೊನೆಗೆ ಗೊತ್ತಾಗೂದು. ಆಡುಮಾತಲ್ಲೇ ಇದೆ, ದೊಡ್ಡಕೆ ಓದುವಾಗ ನಾಲಿಗೆ ಎಲ್ಲೂ ತಡೆಯೂದಿಲ್ಲ.

ಮತ್ತೆ ಆ ಹಾರೂ ಓತಿ ಕಟ್ಟುಕತೆ ಅಲ್ಲ. ಪಶ್ಚಿಮ ಘಟ್ಟದಲ್ಲಿ, ನಮ್ಮ ಅಡಿಕೆ ತೋಟದಲ್ಲೂ ಇದೆ. ಪಕ್ಕೆಲುಬು ಉದ್ದ ಬೆಳೆದು ಅದರ ಮೇಲೆ ಚರ್ಮ ಹರಡಿಕೊಂಡಿರ್ತದೆ, ಅದನ್ನ ಬಿಚ್ಚಿ ಒಂದು ಮರದಿಂದ ಇನ್ನೊಂದಕ್ಕೆ ತೇಲ್ತದೆ, ಗಂಡಿಗೆ ಗಂಟಲ ಕೆಳಗೆ ಹಳದಿ ಚೀಲ. ವಿಜ್ಞಾನದವರು ಇಟ್ಟ ಹೆಸರು ಡ್ರ್ಯಾಕೊ, ನಿಮ್ಮ ಮಗಳ ಡ್ರ್ಯಾಗನ್ನೇ. ಪ್ರಾಣಿಗಳ ಪುಸ್ತಕ ಓದೂ ಹುಡುಗ ಇದು ಕೇಳಿದ ಮೇಲೆ ತೋಟದಲ್ಲಿ ತಲೆ ಬಗ್ಗಿಸಿ ನಡೆಯೂದಿಲ್ಲ. ಮೈಬಣ್ಣ ಅಡಿಕೆ ಮರದ ತೊಗಟೆಯದ್ದೇ, ಕಾಣೂದು ಕಷ್ಟ, ಮಳೆ ಬಿಟ್ಟು ಬಿಸಿಲು ಬಿದ್ದ ಹೊತ್ತಲ್ಲಿ ನೋಡ್ಲಿ.

ಹೇಗೆ ಓದೂದು ಅಂದ್ರೆ, ರಾತ್ರಿ ಊಟ ಆದಮೇಲೆ ಅರ್ಧ ತಾಸು, ಹತ್ತು ಹನ್ನೆರಡು ಪುಟ ಆಗ್ತದೆ, ಆಷಾಢದಲ್ಲಿ ಹೇಗೂ ಕರೆಂಟು ಇರೂದಿಲ್ಲ. ಓದೂವವರು ದಿನಾ ಬದಲಾಗಲಿ. ಮಗಳ ಸರದಿ ಬಂದಾಗ ಅವಳು ತಡವರಿಸಿದ್ರೆ ಯಾರೂ ತಿದ್ದಬೇಡಿ, ಮಾವನವರಿಗೆ ಇದು ಮೊದಲೇ ಹೇಳಿಡಿ, ಹಿರಿಯರಿಗೆ ಉಚ್ಚಾರ ತಪ್ಪಿದ್ರೆ ತಡೆಯೂದಿಲ್ಲ. ಕೇಳೂವವರು ಕೈಯಲ್ಲಿ ಕೆಲಸ ಇಟ್ಟುಕೊಳ್ಳಬಹುದು, ಹಲಸಿನ ಬೇಳೆ ಸುಲಿಯೂದು, ಹೂ ಕಟ್ಟೂದು, ಆದ್ರೆ ಮೊಬೈಲ್ ಮಾತ್ರ ಬೇಡ. ಕುತೂಹಲದ ಜಾಗಕ್ಕೆ ಬಂದಾಗ ನಿಲ್ಲಿಸಿ. ಯಾರಾದ್ರೂ ಹಗಲಲ್ಲಿ ಕದ್ದು ಮುಂದಿನ ಅಧ್ಯಾಯ ಓದಿದ್ರೆ ಬೈಯಬೇಡಿ, ಅದಕ್ಕಿಂತ ಒಳ್ಳೇ ಸುದ್ದಿ ಇಲ್ಲ.

ಕರ್ವಾಲೊ ಮುಗಿದಮೇಲೆ ಸು.ರಂ. ಎಕ್ಕುಂಡಿಯವರ ಕಥನಕವನ ತಕ್ಕೊಳ್ಳಿ, ನಿಮ್ಮ ಹತ್ರದ ಬಂಕಿಕೊಡ್ಲದಲ್ಲೇ ಮೇಷ್ಟ್ರಾಗಿದ್ದವರು, ಬಕುಳದ ಹೂವುಗಳು ಸಂಕಲನಕ್ಕೆ 1992ರಲ್ಲಿ ಅಕಾಡೆಮಿ ಪ್ರಶಸ್ತಿ ಬಂತು. ಕವನ ಅಂತ ಹೆದರೂದು ಬೇಡ, ಅವು ಕತೆಗಳೇ, ದೊಡ್ಡಕೆ ಓದ್ಲಿಕ್ಕೇ ಬರೆದ ಹಾಗಿವೆ. ಮಗನಿಗೆ ಅಂಕೋಲೆಯ ದಿನಕರ ದೇಸಾಯಿಯವರ ಚುಟುಕ, ನಾಲ್ಕು ಸಾಲು, ದಿನಕ್ಕೊಂದು ಬಾಯಿಪಾಠ ಮಾಡ್ತಾನೆ. ಅವು ಬರೀ ನಗೂದಕ್ಕೆ ಅಲ್ಲ, 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಈ ಜಿಲ್ಲೆಯ ಬಡಮಕ್ಕಳಿಗೆ ಶಾಲೆ ತೆರೆದ ಮನುಷ್ಯನ ಸಿಟ್ಟು ಅದರೊಳಗಿದೆ, ದೊಡ್ಡವರು ಅದನ್ನ ಹೇಳಿಕೊಡಿ.

ಇಷ್ಟೂ ಪುಸ್ತಕ ಕೊಂಡು ತರಬೇಕಿಲ್ಲ. ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ಮೆಂಬರ್ ಆಗಿ, 1965ರ ಕಾಯ್ದೆಯಿಂದ ನಿಮ್ಮ ಮನೆ ಟ್ಯಾಕ್ಸಿನ ಜೊತೆ ಶೇಕಡಾ 6 ಗ್ರಂಥಾಲಯ ಕರ ಹೋಗ್ತದೆ, ಅದು ನಿಮ್ಮದೇ ದುಡ್ಡು. ಪಂಚಾಯತಿ ಲೈಬ್ರರಿಗಳಿಗೆ ಈಗ ಅರಿವು ಕೇಂದ್ರ ಅಂತ ಹೆಸರು, ಮಗನ ಹೆಸರು ಅಲ್ಲಿ ಬರೆಸಿ. ಇಲ್ಲದ ಪುಸ್ತಕ ಇದ್ರೆ ಕೇಳಿಕೆ ಪುಸ್ತಕದಲ್ಲಿ ಬರೆದು ಬನ್ನಿ, ಬರೆದವರು ಇದ್ದಾರೆ ಅಂತ ಆದ್ರೆ ತರಿಸೂವವರಿಗೂ ಹುರುಪು ಬರ್ತದೆ, ಕೌಂಟರಿನ ಒಳಗೆ ಕೂತವನಾಗಿ ಇದನ್ನ ಖಂಡಿತ ಹೇಳ್ತೇನೆ. ಶಿಕಾರಿ ಮತ್ತೆ ಕರ್ವಾಲೊ ಮಾತ್ರ ಸ್ವಂತಕ್ಕೆ ಇರಲಿ, ಅವೆರಡು ಮತ್ತೆ ಮತ್ತೆ ಬೇಕಾಗ್ತವೆ.

ಕೊನೆಗೆ ಬೂಷ್ಟು. ಆ ಜೈಮಿನಿ ಭಾರತವನ್ನ ಇವತ್ತೇ ಬೇರೆ ಪುಸ್ತಕಗಳಿಂದ ದೂರ ಇಡಿ, ಬೂಷ್ಟು ಪಕ್ಕದ ಪುಸ್ತಕಕ್ಕೆ ಹಬ್ಬೂದು ಬಹಳ ಬೇಗ. ಒದ್ದೆ ಬಟ್ಟೆಯಲ್ಲಿ ಒರೆಸೂದು ಬೇಡ, ಹಾಳೆಯೊಳಗೆ ಇನ್ನೂ ನೀರು ಹೋಗ್ತದೆ. ಮೊದಲು ಪುಸ್ತಕದ ಎಲೆಗಳನ್ನ ಸ್ವಲ್ಪ ಬಿಡಿಸಿ ನಿಲ್ಲಿಸಿ ಫ್ಯಾನಿನ ಕೆಳಗೆ ಒಣಗಿಸಿ, ಪೂರ್ತಿ ಒಣಗಿ ಪುಡಿಪುಡಿ ಆದಮೇಲೆ ಹೊರಗೆ ಅಂಗಳದ ಬದಿಗೆ ತಕ್ಕೊಂಡು ಹೋಗಿ, ಮೂಗಿಗೆ ಬಟ್ಟೆ ಕಟ್ಟಿ, ಮೆತ್ತಗಿನ ಬ್ರಷ್ಷಲ್ಲಿ ಕೊಡವಿ. ಕಡು ಬಿಸಿಲಿಗೆ ಹಾಕಿದ್ರೆ ಹಳೇ ಕಾಗದ ಹಳದಿಯಾಗಿ ಮುರೀತದೆ, ನೆರಳೇ ಸಾಕು. ಮಾವನವರಿಗೆ ಕೆಮ್ಮು ದಮ್ಮು ಇದ್ರೆ ಈ ಕೆಲಸ ಅವರ ಕೈಲಿ ಮಾಡಿಸಬೇಡಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡೂದು ನಮ್ಮ ಕಡೆ ಎಲ್ಲರೂ ಮಾಡೂ ಕೆಲಸ, ಅದರೊಳಗೆ ತೇವ ಕೂತು ಬೂಷ್ಟು ಹೆಚ್ಚೇ ಆಗೂದು, ಹಳೇ ಹತ್ತಿ ಬಟ್ಟೆಯಲ್ಲಿ ಸುತ್ತಿ. ಕಪಾಟು ಚಿರೆಕಲ್ಲಿನ ಗೋಡೆಗೆ ತಾಗಿಕೊಂಡಿದ್ರೆ ಒಂದು ಗೇಣು ಮುಂದಕ್ಕೆ ಎಳೀರಿ, ಮಳೆಗಾಲದಲ್ಲಿ ಆ ಗೋಡೆ ಬೆವರ್ತದೆ. ಶೂ ಬಾಕ್ಸಿನಲ್ಲಿ ಬರೂ ಸಿಲಿಕಾ ಜೆಲ್ ಪೊಟ್ಟಣ ಬಿಸಾಡದೆ ಕಪಾಟಿನೊಳಗಿಡಿ. ಬೈಂಡು ಬಿಟ್ಟಿದ್ರೆ ಸೆಲ್ಲೋಟೇಪ್ ಮಾತ್ರ ಹಚ್ಚಬೇಡಿ, ಅದರ ಅಂಟು ಕೆಲವು ವರ್ಷದಲ್ಲಿ ಕಂದು ಕಲೆಯಾಗಿ ಅಕ್ಷರವನ್ನೇ ತಿಂತದೆ. ಈಗ ದಾರದಲ್ಲಿ ಕಟ್ಟಿಟ್ಟು ದೀಪಾವಳಿ ಕಳೆದು ಗಾಳಿ ಒಣಗಿದಮೇಲೆ ಬೈಂಡರ್ ಹತ್ರ ಕೊಡಿ, ಅಲ್ಲೀವರೆಗೆ ಮಾವನವರಿಗೆ ದೊಡ್ಡ ಅಕ್ಷರದ ಬೇರೆ ಪ್ರತಿಯೊಂದನ್ನ ಲೈಬ್ರರಿಯಿಂದ ತಂದುಕೊಡಿ.